ಜೋಡಿ ನಿಯಂತ್ರಣದಲ್ಲಿ ಒಂದು ಕೆಟ್ಟಾಗ: ಯಂತ್ರ ನಿಲ್ಲದಂತೆ ದೋಷ ಸರಿಪಡಿಸುವ ಕ್ರಮ

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಸುತ್ತಿನ ಪಂಪ್‌ಹೌಸ್‌ಗಳಿಂದ, ಫೌಂಡ್ರಿಗಳಿಂದ, ಸಣ್ಣ ಜಲವಿದ್ಯುತ್ ಘಟಕಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಎರಡೆರಡು ಪಿಎಲ್‌ಸಿ ಹಾಕಿಸಿದ್ದೆವು, ಆದರೂ ಎಲ್ಲ ನಿಂತುಹೋಯಿತು." ಪಿಎಲ್‌ಸಿ ಎಂದರೆ ಯಂತ್ರಗಳನ್ನು ನಡೆಸುವ ಕೈಗಾರಿಕಾ ಗಣಕ; ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳಲಿ ಎಂದು ಎರಡನ್ನು ಜೋಡಿಯಾಗಿ ಹಾಕುತ್ತಾರೆ. ಹೋಗಿ ನೋಡಿದರೆ ಕಾರಣ ಬಹುತೇಕ ಎರಡರಲ್ಲಿ ಒಂದಾಗಿರುತ್ತದೆ. ಜೋಡಿಯಲ್ಲಿ ಒಂದು ಎಂದೋ ಸತ್ತು, ಅದು ಯಾರ ಗಮನಕ್ಕೂ ಬಾರದೆ, ಉಳಿದದ್ದೊಂದೇ ಪೂರ್ತಿ ಹೊರೆ ಹೊತ್ತು ನಡೆದು ಕೊನೆಗೆ ಅದೂ ಕುಸಿದಿರುತ್ತದೆ. ಇಲ್ಲವೇ ಕೆಟ್ಟದ್ದನ್ನು ಸರಿಪಡಿಸಲು ಹೋದವರ ಕೈ ನಡೆಯುತ್ತಿದ್ದ ಕಡೆಗೇ ತಗುಲಿರುತ್ತದೆ.

ಒಂಟಿ ವ್ಯವಸ್ಥೆಯಲ್ಲಿ ದೋಷ ಬಂದರೆ ಯಂತ್ರ ನಿಲ್ಲುತ್ತದೆ, ಎಲ್ಲರೂ ಓಡಿ ಬರುತ್ತಾರೆ. ಜೋಡಿ ವ್ಯವಸ್ಥೆಯಲ್ಲಿ ಮೊದಲ ದೋಷ ಬಂದಾಗ ಏನೂ ನಿಲ್ಲುವುದಿಲ್ಲ, ನೀರು ಹರಿಯುತ್ತಿರುತ್ತದೆ, ಪರದೆಯ ಮೇಲೆ ಅಂಕಿಗಳು ಓಡುತ್ತಿರುತ್ತವೆ. ಆ ಹೊತ್ತಿನಿಂದ ಎರಡನೆಯ ದೋಷ ಬರುವವರೆಗೆ ನಮಗೆ ಸಿಗುವ ಅವಧಿಯೇ ಜೋಡಿಗೆ ಸುರಿದ ಹಣದ ಫಲ. ಆ ಅವಧಿಯಲ್ಲಿ ಯಾವ ಕೆಲಸದ ನಂತರ ಯಾವುದನ್ನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಬಾಯ್ಲರ್, ಕುಲುಮೆ ಮುಂತಾದವುಗಳ ಸುರಕ್ಷತಾ ಟ್ರಿಪ್ (ಅಪಾಯ ಬಂದರೆ ತಾನಾಗಿ ನಿಲ್ಲಿಸುವ) ವ್ಯವಸ್ಥೆಗೆ ಮಾತ್ರ ಇದಷ್ಟೇ ಸಾಲದು; ಅಲ್ಲಿ ಐಇಸಿ 61511 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬರೆದಿಟ್ಟ ಪ್ರತ್ಯೇಕ ಬೈಪಾಸ್ (ಟ್ರಿಪ್ಪನ್ನು ತಾತ್ಕಾಲಿಕವಾಗಿ ಬದಿಗಿಡುವ) ವಿಧಾನವಿದ್ದು, ಅದರ ಅನುಮತಿಯಿಲ್ಲದೆ ಯಾವ ಕಾರ್ಡನ್ನೂ ಮುಟ್ಟಕೂಡದು.

ಮೊದಲೇ ಕೈಯಲ್ಲಿರಬೇಕಾದವು

ಪ್ಯಾನೆಲ್‌ನ ಬಾಗಿಲು ತೆರೆಯುವ ಮುಂಚೆ ಇವೆಲ್ಲ ಮೇಜಿನ ಮೇಲಿರಲಿ: ಈಗ ಓಡುತ್ತಿರುವ ಪ್ರೋಗ್ರಾಂನ ಪ್ರತಿಯಿರುವ ಲ್ಯಾಪ್‌ಟಾಪ್, ಅದಕ್ಕೆ ಹೊಂದುವ ಕೇಬಲ್, ಪ್ಯಾನೆಲ್‌ನ ವೈರಿಂಗ್ ನಕ್ಷೆ, ಒಳ್ಳೆಯ ಮಲ್ಟಿಮೀಟರ್ ಮತ್ತು ಡಿಸಿ ಅಳೆಯಬಲ್ಲ ಕ್ಲಾಂಪ್ ಮೀಟರ್, ಮಣಿಕಟ್ಟಿಗೆ ಕಟ್ಟುವ ಆ್ಯಂಟಿಸ್ಟಾಟಿಕ್ ಪಟ್ಟಿ, ಫೈಬರ್ ತುದಿ ಒರೆಸುವ ಒಣ ಬಟ್ಟೆ ಮತ್ತು ಮುಚ್ಚಳಗಳು, ಕೆಂಪು ಮತ್ತು ಹಸಿರು ಬಣ್ಣದ ಟೇಪು, ಟಾರ್ಚು, ಫೋಟೊ ತೆಗೆಯಲು ಮೊಬೈಲು. ಬದಲಿ ಕಾರ್ಡು ಇದ್ದರೆ ಸಾಲದು, ಅದರ ಫರ್ಮ್‌ವೇರ್ (ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಆವೃತ್ತಿ ಓಡುತ್ತಿರುವ ಕಾರ್ಡಿನದಕ್ಕೆ ಹೊಂದಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೊಬ್ಬರು ಜೊತೆಯಲ್ಲಿರಬೇಕು. ಒಬ್ಬರು ಕೈಯಿಂದ ಕೆಲಸ ಮಾಡುವಾಗ ಇನ್ನೊಬ್ಬರು ಮುಂದಿನ ಹೆಜ್ಜೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಮೊದಲನೆಯವರು ಬೆರಳಿಟ್ಟು ತೋರಿಸಿದ ಮೇಲೆಯೇ ಕಳಚಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದರೆ ಹಂತ 1ರಿಂದ 3ರವರೆಗೆ ಮಾಡಿ, ಬೆಳಗಾಗುವವರೆಗೆ ಕಾಯಿರಿ.

ಹಂತ 1: ರೀಸೆಟ್ ಒತ್ತದೆ ದಾಖಲಿಸಿಕೊಳ್ಳಿ

ಕೆಂಪು ದೀಪ ಕಂಡ ಕೂಡಲೇ ರೀಸೆಟ್ ಗುಂಡಿಯತ್ತ ಬೆರಳು ಹೋಗುತ್ತದೆ. ಇದೇ ಮೊದಲ ತಪ್ಪು. ರೀಸೆಟ್ ಮಾಡಿದರೆ ದೀಪ ಆರಬಹುದು, ಜೋಡಿ ಮತ್ತೆ ಕೂಡಿಕೊಳ್ಳಲೂಬಹುದು. ಆದರೆ ಯಾಕೆ ಬಿಟ್ಟುಹೋಗಿತ್ತು ಎಂಬ ಸುಳಿವು ಅದರೊಡನೆ ಅಳಿಸಿಹೋಗುತ್ತದೆ. ಅದೇ ದೋಷ ಇನ್ನೊಂದು ವಾರಕ್ಕೆ ಬರುತ್ತದೆ, ಆಗಲೂ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ಎರಡೂ ರ‍್ಯಾಕ್‌ಗಳ (ಅಂದರೆ ಕಾರ್ಡುಗಳನ್ನು ಕೂರಿಸಿದ ಚೌಕಟ್ಟುಗಳ) ಎಲ್ಲ ದೀಪಗಳೂ ಕಾಣುವಂತೆ ಫೋಟೊ ತೆಗೆಯಿರಿ. ಮಿನುಗುವ ದೀಪ ಸ್ಥಿರಚಿತ್ರದಲ್ಲಿ ತಿಳಿಯದ ಕಾರಣ ಅರ್ಧ ನಿಮಿಷ ವಿಡಿಯೊ ಕೂಡ ಮಾಡಿಕೊಳ್ಳಿ. ಮಿನುಗಿನ ವೇಗಕ್ಕೂ ಅರ್ಥವಿದೆ: ಸೀಮೆನ್ಸ್ ಎಸ್7-400ಎಚ್ ಮಾದರಿಯ ಜೋಡಿ ಪಿಎಲ್‌ಸಿಯಲ್ಲಿ ಆರ್‌ಇಡಿಎಫ್ (ಜೋಡಿಯ ದೋಷ ತೋರಿಸುವ) ದೀಪ ಆರಿದ್ದರೆ ಜೋಡಿ ಸರಿಯಿದೆ, ಎರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗಿದರೆ ಎರಡು ಸಿಪಿಯುಗಳು (ಪಿಎಲ್‌ಸಿಗಳ ಮಿದುಳಿನಂಥ ಕಾರ್ಡುಗಳು) ಕೂಡಿಕೊಳ್ಳುತ್ತಿವೆ, ಸೆಕೆಂಡಿಗೆ ಎರಡು ಬಾರಿ ಮಿನುಗಿದರೆ ಒಂದರಿಂದ ಇನ್ನೊಂದಕ್ಕೆ ದತ್ತಾಂಶ ನವೀಕರಣವಾಗುತ್ತಿದೆ, ಒಂದೇ ಸಮನೆ ಉರಿಯುತ್ತಿದ್ದರೆ ಜೋಡಿ ತಪ್ಪಿದೆ. ರಾಕ್‌ವೆಲ್ ಕಂಪನಿಯ ಕಂಟ್ರೋಲ್‌ಲಾಜಿಕ್ಸ್ ರ‍್ಯಾಕ್ ಆಗಿದ್ದರೆ ರಿಡಂಡೆನ್ಸಿ (ಜೋಡಿ ಕಾಯುವ) ಮಾಡ್ಯೂಲಿನ ನಾಲ್ಕಕ್ಷರದ ಪರದೆಯನ್ನು ಓದಿ ಬರೆದುಕೊಳ್ಳಿ: ನಡೆಸುವ ಕಡೆ ಪಿಆರ್‌ಐಎಂ, ಸಿದ್ಧವಾಗಿ ಕಾದಿರುವ ಕಡೆ ಎಸ್‌ವೈಎನ್‌ಸಿ, ಅನರ್ಹಗೊಂಡ ಕಡೆ ಡಿಐಎಸ್‌ಕ್ಯೂ ಎಂದು ತೋರಿಸುತ್ತದೆ.

ನಂತರ ಲ್ಯಾಪ್‌ಟಾಪ್ ಜೋಡಿಸಿ ಎರಡೂ ಸಿಪಿಯುಗಳ ಡಯಾಗ್ನೊಸ್ಟಿಕ್ ಬಫರನ್ನು (ಘಟನೆ, ದೋಷಗಳ ಒಳದಾಖಲೆ) ಕಡತಕ್ಕೆ ಉಳಿಸಿಕೊಳ್ಳಿ. ಈ ಬಫರು ರಾಟೆಯಂತೆ ಸುತ್ತುತ್ತದೆ: ಹೊಸ ದಾಖಲೆ ಬಂದಂತೆ ಹಳೆಯದು ಅಳಿಯುತ್ತದೆ. ದೋಷ ಪದೇಪದೇ ಬಂದುಹೋಗುತ್ತಿದ್ದರೆ ಕೆಲವೇ ಗಂಟೆಗಳಲ್ಲಿ ಮೂಲ ಕಾರಣದ ಸಾಲು ಕಾಣೆಯಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ತಡ ಮಾಡಬೇಡಿ. ಎರಡು ಸಿಪಿಯು, ಸ್ಕಾಡಾ (ಯಂತ್ರಗಳ ಸ್ಥಿತಿಯನ್ನು ಪರದೆಯಲ್ಲಿ ತೋರಿಸುವ) ಗಣಕ, ನಿಮ್ಮ ಕೈಗಡಿಯಾರ, ಇವುಗಳ ಸಮಯದ ವ್ಯತ್ಯಾಸವನ್ನೂ ಬರೆದಿಡಿ. ಎರಡು ನಿಮಿಷ ಹಿಂದಿರುವ ಗಡಿಯಾರವನ್ನು ನಂಬಿ, ಸಿಡಿಲು ಬಡಿದದ್ದಕ್ಕೆ ಮುಂಚೆಯೇ ಕಾರ್ಡು ಕೆಟ್ಟಿತು ಎಂದು ತೀರ್ಮಾನಿಸಿದವರನ್ನು ಕಂಡಿದ್ದೇನೆ.

ಹಂತ 2: ನಡೆಸುತ್ತಿರುವ ಕಡೆ ಯಾವುದೆಂದು ಮೂರು ಸಾಕ್ಷಿಗಳಿಂದ ಖಚಿತಪಡಿಸಿಕೊಳ್ಳಿ

ಈ ಹಂತವನ್ನು ನಾನು ಉಳಿದೆಲ್ಲವುಗಳಿಗಿಂತ ಮೇಲಿಡುತ್ತೇನೆ. ನದಿದಂಡೆಯ ಒಂದು ಪಂಪ್‌ಹೌಸ್‌ನಲ್ಲಿ ನಡೆದ ಘಟನೆ ಇದಕ್ಕೆ ಕಾರಣ. ಅಲ್ಲಿ ಎರಡು ಪ್ಯಾನೆಲ್‌ಗಳು ಅಕ್ಕಪಕ್ಕ ನಿಂತಿದ್ದವು, ಬಾಗಿಲುಗಳ ಮೇಲೆ "ಎ" ಮತ್ತು "ಬಿ" ಎಂಬ ಅಕ್ಷರಗಳಿದ್ದವು. ಬಣ್ಣ ಬಳಿಸಲು ಬಾಗಿಲುಗಳನ್ನು ಕಳಚಿದ್ದರು. ಮತ್ತೆ ಕೂರಿಸುವಾಗ ಅದಲುಬದಲಾಗಿತ್ತು. ತಿರುಗಣಿ, ಬೀಗ ಎಲ್ಲವೂ ಒಂದೇ ಅಳತೆಯವಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಸ್ಕಾಡಾ ಪರದೆ "ಬಿ ಕೆಟ್ಟಿದೆ" ಎಂದಿತು. ತಂತ್ರಜ್ಞ "ಬಿ" ಬಾಗಿಲು ತೆರೆದು ವಿದ್ಯುತ್ ಕಡಿದರು. ಓಡುತ್ತಿದ್ದ ಪಂಪುಗಳೆಲ್ಲ ಒಮ್ಮೆಗೇ ನಿಂತವು, ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್‌ರಿಟರ್ನ್ ವಾಲ್ವುಗಳು ಬಡಿದ ಸದ್ದಿಗೆ ನೆಲ ಅದುರಿತು, ಏರುಕೊಳವೆಯ ಒಂದು ಜಾಯಿಂಟು ಸೀಳಿ ನೀರು ಚಿಮ್ಮಿತು. ಆ ದಿನ ಊರಿನ ಮೇಲ್ತೊಟ್ಟಿ ತುಂಬಲಿಲ್ಲ. ಅವರು ಅನುಭವಿಗಳು, ಅಸಡ್ಡೆಯವರಲ್ಲ. ಒಂದೇ ಸಾಕ್ಷಿಯನ್ನು ನಂಬಿದ್ದರು, ಅಷ್ಟೇ.

ಆದ್ದರಿಂದ ಮೂರು ಸಾಕ್ಷಿ ಬೇಕು. ಮೊದಲನೆಯದು ಸಿಪಿಯು ಮೈಮೇಲಿನ ದೀಪ: ಮಾಸ್ಟರ್ (ನಡೆಸುವ ಕಡೆಯ) ದೀಪ ಯಾವುದರಲ್ಲಿ ಉರಿಯುತ್ತಿದೆ, ರ‍್ಯಾಕ್ ಸಂಖ್ಯೆ 0 ಯಾವುದು, 1 ಯಾವುದು. ಎರಡನೆಯದು ಲ್ಯಾಪ್‌ಟಾಪಿನಲ್ಲಿ ಕಾಣುವ ಸ್ಥಿತಿ: ಅಲ್ಲಿರುವ ಕಾರ್ಡಿನ ಸೀರಿಯಲ್ ಸಂಖ್ಯೆಯನ್ನು ಕಾರ್ಡಿನ ಮೇಲಿನ ಚೀಟಿಯೊಡನೆ ತಾಳೆ ನೋಡಿ. ಮೂರನೆಯದು ಕೇಬಲ್: ಜಾಲದ ಕೇಬಲನ್ನು ಕೈಯಿಂದ ಹಿಡಿದು ಸ್ವಿಚ್‌ವರೆಗೆ ಹೋಗಿ, ಆ ಪೋರ್ಟಿನ ಸಂಖ್ಯೆ ನಕ್ಷೆಯಲ್ಲಿರುವಂತೆಯೇ ಇದೆಯೇ ನೋಡಿ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಮುಂದುವರಿಯಿರಿ.

ಈಗ ನಡೆಯುತ್ತಿರುವ ರ‍್ಯಾಕಿಗೆ ಅಡ್ಡಲಾಗಿ ಕೆಂಪು ಟೇಪನ್ನು ಅಂಟಿಸಿ, ಅದರ ಎಂಸಿಬಿಯ ಮೇಲೂ ಒಂದು ತುಂಡು ಹಾಕಿ. ಕೆಂಪು ಎಂದರೆ ಮುಟ್ಟಬಾರದ್ದು. ಕೆಟ್ಟದ್ದಕ್ಕೆ ಹಸಿರು ಟೇಪು. ಹಲವರು ಕೆಟ್ಟದ್ದಕ್ಕೇ ಕೆಂಪು ಅಂಟಿಸುತ್ತಾರೆ. ಅವಸರದಲ್ಲಿ ಅದು ಗೊಂದಲ ತರುತ್ತದೆ, ಏಕೆಂದರೆ ಕೆಲಸದ ಹೊತ್ತಿನಲ್ಲಿ ಅಪಾಯವಿರುವುದು ಆರೋಗ್ಯವಾಗಿರುವ ಕಡೆಯಲ್ಲೇ.

ಹಂತ 3: ಆಪರೇಟರ್‌ಗೆ ತಿಳಿಸಿ, ಉಳಿದ ಕೆಲಸಗಳನ್ನು ತಡೆಯಿರಿ

ವ್ಯವಸ್ಥೆ ಈಗ ಒಂಟೆತ್ತಿನ ಗಾಡಿ. ಈ ಮಾತನ್ನು ಪಾಳಿಯ ಆಪರೇಟರ್‌ಗೆ ಬಾಯಲ್ಲಿ ಹೇಳಿ, ಲಾಗ್‌ಬುಕ್ಕಿನಲ್ಲೂ ಬರೆಯಿರಿ. ಜೋಡಿ ಮತ್ತೆ ಕೂಡುವವರೆಗೆ ಪ್ರೋಗ್ರಾಂ ಬದಲಾವಣೆ, ಹೊಸ ಕೇಬಲ್ ಎಳೆಯುವುದು, ಪ್ಯಾನೆಲ್ ಹತ್ತಿರ ವೆಲ್ಡಿಂಗ್, ಡೀಸೆಲ್ ಜನರೇಟರಿನ ಪರೀಕ್ಷೆ, ಇವು ಯಾವುವೂ ನಡೆಯಬಾರದು. ಅದೇ ರ‍್ಯಾಕಿನಿಂದ ನಡೆಯುವ ಮುಖ್ಯ ವಾಲ್ವು ಮತ್ತು ಪಂಪುಗಳ ಸ್ಥಳೀಯ ನಿಯಂತ್ರಣದ ಬಳಿ ಒಬ್ಬರನ್ನು ನಿಲ್ಲಿಸಿ, ಕೈಯಿಂದ ನಡೆಸುವ ವಿಧಾನವನ್ನು ಆಗಲೇ ಒಮ್ಮೆ ಹೇಳಿಸಿ ಕೇಳಿ.

ತಕ್ಷಣ ಕೈ ಹಾಕಬೇಕೇ, ಕಾಯಬೇಕೇ ಎಂಬ ಪ್ರಶ್ನೆಗೆ ಉತ್ತರ ಆ ಒಂದು ಜೋಡಿಯನ್ನು ಎಷ್ಟು ಯಂತ್ರಗಳು ಅವಲಂಬಿಸಿವೆ ಎಂಬುದರಲ್ಲಿದೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟ್‌ನ 10 ಘಟಕಗಳಿವೆ. ಅಂಥ ಕಡೆ ಒಂದು ಘಟಕವನ್ನು ಯೋಜಿಸಿ ನಿಲ್ಲಿಸಿ ಸಾವಧಾನವಾಗಿ ದುರಸ್ತಿ ಮಾಡುವ ಅವಕಾಶ ಇರುತ್ತದೆ. ಒಂದೇ ಜೋಡಿಯ ಮೇಲೆ ಇಡೀ ಊರಿನ ಕುಡಿಯುವ ನೀರು ನಿಂತಿರುವ ಪಂಪ್‌ಹೌಸ್‌ನಲ್ಲಿ ಆ ಅವಕಾಶವಿಲ್ಲ. ಅಲ್ಲಿ ತೊಟ್ಟಿ ತುಂಬಿಸಿಕೊಂಡು, ಬೇಡಿಕೆ ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ ಕೆಲಸಕ್ಕಿಳಿಯುವುದು ಸರಿ.

ಆಕಾಶವನ್ನೂ ನೋಡಿ. ಅಶ್ವಿನಿ, ಭರಣಿ ಮಳೆಗಳ ಹೊತ್ತಿಗೆ, ಅಂದರೆ ಏಪ್ರಿಲ್ ನಡುವಿನಿಂದ ಮೇ ಮೊದಲ ವಾರಗಳವರೆಗೆ, ನಮ್ಮ ಕಡೆ ಸಂಜೆ ಗುಡುಗು ಸಿಡಿಲು ಸಾಮಾನ್ಯ. ಮೋಡ ಕವಿಯುತ್ತಿದ್ದರೆ ಅರ್ಧ ಕಳಚಿದ ಪ್ಯಾನೆಲ್ ಬಿಟ್ಟುಕೊಂಡು ನಿಲ್ಲಬೇಡಿ. ಬೆಳಗ್ಗೆಯೇ ಶುರುಮಾಡಿ, ಮೂರು ಗಂಟೆಯೊಳಗೆ ಮುಚ್ಚಿ.

ಹಂತ 4: ದೋಷವನ್ನು ಹೊರಗಿನಿಂದ ಒಳಕ್ಕೆ ಹುಡುಕಿ

ಹುಡುಕುವ ಕ್ರಮ ಹೀಗಿರಲಿ: ವಿದ್ಯುತ್ ಪೂರೈಕೆ, ಸಿಂಕ್ ಕೊಂಡಿ (ಎರಡು ಸಿಪಿಯುಗಳನ್ನು ಬೆಸೆಯುವ ಫೈಬರ್), ಜಾಲ, ಐಒ (ಸಂಕೇತ ಒಳತರುವ, ಹೊರಕಳಿಸುವ ಕಾರ್ಡುಗಳು) ಮತ್ತು ಕ್ಷೇತ್ರದ ಉಪಕರಣ, ಕಡೆಗೆ ಸಿಪಿಯು. ಬಹುತೇಕರು ತದ್ವಿರುದ್ಧವಾಗಿ ಹೋಗುತ್ತಾರೆ. ದುಬಾರಿ ಸಿಪಿಯು ಬದಲಿಸಿದ ಮೇಲೂ ಅದೇ ದೋಷ ಬಂದಾಗ, ಕಾರಣ ಸಡಿಲವಾದ ಟರ್ಮಿನಲ್ ಎಂದು ತಿಳಿಯುತ್ತದೆ.

*ವಿದ್ಯುತ್ ಪೂರೈಕೆ.* ಎರಡು ಎಸ್‌ಎಂಪಿಎಸ್‌ಗಳು (ಡಿಸಿ ವಿದ್ಯುತ್ ಕೊಡುವ ಪೆಟ್ಟಿಗೆಗಳು) ಡಯೋಡ್ ಮಾಡ್ಯೂಲಿನ ಮೂಲಕ ಒಂದೇ 24 ವೋಲ್ಟ್ ಬಸ್ಸಿಗೆ, ಅಂದರೆ ಪ್ಯಾನೆಲ್‌ಗೆ ವಿದ್ಯುತ್ ಹಂಚುವ ಸಾಮಾನ್ಯ ತಂತಿಗೆ, ಸೇರುತ್ತವೆ. ಡಯೋಡಿನ ಆಚೆ ಮೀಟರ್ ಇಟ್ಟರೆ, ಒಂದು ಎಸ್‌ಎಂಪಿಎಸ್ ಸತ್ತಿದ್ದರೂ 24 ವೋಲ್ಟ್ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ಡಯೋಡಿನ ಈಚೆ, ಪ್ರತಿ ಎಸ್‌ಎಂಪಿಎಸ್‌ನ ಸ್ವಂತ ಟರ್ಮಿನಲ್‌ಗಳಲ್ಲಿ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿನಷ್ಟು ವ್ಯತ್ಯಾಸವಿದ್ದರೂ ಹೆಚ್ಚಿನ ವೋಲ್ಟೇಜಿನದೇ ಬಹುಪಾಲು ಹೊರೆ ಹೊತ್ತಿರುತ್ತದೆ. ಇನ್ನೊಂದು ಬರಿದೇ ಬಿಸಿಯಾಗುತ್ತ ಕುಳಿತಿರುತ್ತದೆ, ಅದಕ್ಕೆ ಹೊರೆ ಹೊರುವ ಶಕ್ತಿ ಉಳಿದಿದೆಯೋ ಇಲ್ಲವೋ ಯಾರೂ ಪರೀಕ್ಷಿಸಿರುವುದಿಲ್ಲ.

ಬಸ್ಸಿನ ಒಟ್ಟು ಕರೆಂಟನ್ನೂ ಕ್ಲಾಂಪ್ ಮೀಟರಿನಿಂದ ನೋಡಿ. 10 ಆಂಪಿಯರ್‌ನ ಎರಡು ಎಸ್‌ಎಂಪಿಎಸ್ ಇದ್ದು ಪ್ಯಾನೆಲ್ 12 ಆಂಪಿಯರ್ ಎಳೆಯುತ್ತಿದ್ದರೆ, ಅಲ್ಲಿರುವುದು ಹೊರೆ ಹಂಚಿಕೊಂಡ ಎರಡು ಪೆಟ್ಟಿಗೆಗಳು. ಜೋಡಿ ಎಂಬುದು ನಕ್ಷೆಯಲ್ಲಿ ಮಾತ್ರ. ಹಾಕಿಸುವಾಗ 7 ಆಂಪಿಯರ್ ಇದ್ದದ್ದು, ವರ್ಷ ವರ್ಷ ಸೇರಿಸಿದ ರಿಲೇ, ಸೊಲೆನಾಯ್ಡ್, ಸ್ವಿಚ್‌ಗಳಿಂದ ಹೀಗೆ ಬೆಳೆದಿರುತ್ತದೆ. ಎರಡೂ ಎಸ್‌ಎಂಪಿಎಸ್‌ಗಳ ಒಳಬದಿಯ ವಿದ್ಯುತ್ ಒಂದೇ ಎಂಸಿಬಿಯಿಂದ, ಒಂದೇ ಯುಪಿಎಸ್‌ನಿಂದ ಬರುತ್ತಿದೆಯೇ ಎಂಬುದನ್ನೂ ಪತ್ತೆಹಚ್ಚಿ. ಪಿಎಲ್‌ಸಿಗಳ ಡಿಸಿ ವಿದ್ಯುತ್ತಿಗೆ ಐಇಸಿ 61131-2 ಹೇಳುವ ಮಿತಿ 20.4ರಿಂದ 28.8 ವೋಲ್ಟ್, ದೊಡ್ಡ ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ ಬಸ್ಸು ಈ ಕೆಳಮಿತಿಗಿಂತ ಇಳಿಯುತ್ತಿದ್ದರೆ, ಸಿಪಿಯು ಬಿಟ್ಟುಬಿಟ್ಟು ಕೈಕೊಡುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮೀಟರಿನ ಕನಿಷ್ಠ-ಗರಿಷ್ಠ ಹಿಡಿದಿಡುವ ಸೌಲಭ್ಯವನ್ನು ಇಲ್ಲಿ ಬಳಸಿ.

*ಸಿಂಕ್ ಕೊಂಡಿ.* ಫೈಬರ್ ತುದಿಯಲ್ಲಿ ಧೂಳು, ಬಾಗಿಲು ಮುಚ್ಚುವಾಗ ಸಿಕ್ಕಿಕೊಂಡು ತೀರಾ ಬಾಗಿದ ಫೈಬರ್, ಇಲಿ ಕಡಿದ ಹೊದಿಕೆ, ಇವು ಮೂರೇ ಇಲ್ಲಿ ಹೆಚ್ಚು. ಎರಡು ಸಿಂಕ್ ಕೇಬಲ್‌ಗಳಿದ್ದರೆ ಒಂದನ್ನು ಮುಟ್ಟುವ ಮುಂಚೆ ಇನ್ನೊಂದರ ದೀಪ ಸರಿಯಿದೆಯೆಂದು ನೋಡಿಕೊಳ್ಳಿ, ಎರಡನ್ನೂ ಒಟ್ಟಿಗೆ ಎಂದೂ ಕಳಚಬೇಡಿ. ಎರಡು ಸಿಪಿಯುಗಳ ನಡುವಿನ ಮಾತೇ ಕಡಿದುಹೋದರೆ ಪ್ರತಿಯೊಂದೂ ಇನ್ನೊಂದು ಸತ್ತಿದೆ ಎಂದು ತಿಳಿದು ತಾನೇ ಮಾಸ್ಟರ್ ಆಗಲು ಹೋಗಬಹುದು. ಒಂದು ವಾಲ್ವಿಗೆ ಇಬ್ಬರು ಒಡೆಯರಾದರೆ ಅದು ದೋಷಕ್ಕಿಂತ ಕೆಟ್ಟ ಸ್ಥಿತಿ. ಎರಡೂ ಕೇಬಲ್‌ಗಳು ಒಂದೇ ಟ್ರೇಯಲ್ಲಿ ಹೋಗಿದ್ದರೆ ಈ ಅಪಾಯ ಒಂದು ಇಲಿಯ ಹಲ್ಲಿನಷ್ಟು ದೂರದಲ್ಲಿದೆ. ಅವುಗಳಿಗೆ ಬೇರೆಬೇರೆ ದಾರಿ ಮಾಡಿಸಿ.

*ಜಾಲ.* ಉಂಗುರದ ಜೋಡಣೆಯಲ್ಲಿ ಒಂದು ಕಡೆ ಕಡಿದರೆ ಉಂಗುರ ಗೆರೆಯಾಗುತ್ತದೆ, ಸಂವಹನ ಮುಂದುವರಿಯುತ್ತದೆ, ಎಲ್ಲಿಯೂ ಸದ್ದಾಗುವುದಿಲ್ಲ. ರಿಂಗ್ ಮ್ಯಾನೇಜರ್ ಸ್ವಿಚ್ಚಿನ ಪುಟದಲ್ಲಿ ಉಂಗುರ ತೆರೆದಿದೆಯೇ ಮುಚ್ಚಿದೆಯೇ ಎಂದು ನೋಡಿದರೆ ಮಾತ್ರ ತಿಳಿಯುತ್ತದೆ. ಪಿಆರ್‌ಪಿ ಮಾದರಿಯ, ಒಂದೇ ಸಂದೇಶ ಎರಡರಲ್ಲೂ ಹೋಗುವ ಎರಡು ಸಮಾನಾಂತರ ಜಾಲಗಳಿದ್ದರೆ, ದುರಸ್ತಿಯ ಭರದಲ್ಲಿ ಎ ಜಾಲದ ಕೇಬಲನ್ನು ಬಿ ಜಾಲದ ಸ್ವಿಚ್ಚಿಗೆ ಚುಚ್ಚಬೇಡಿ. ಅವೆರಡೂ ಎಲ್ಲಿಯೂ ಕೂಡಬಾರದು.

*ಕ್ಷೇತ್ರದ ಉಪಕರಣಗಳು.* ಮೂರು ಮಟ್ಟಮಾಪಕಗಳಲ್ಲಿ ಎರಡರ ಮಾತು ಗೆಲ್ಲುವ ಏರ್ಪಾಡು ನಮ್ಮಲ್ಲಿ ಸಾಕಷ್ಟಿದೆ. ಒಂದು ಕೆಟ್ಟರೆ ಉಳಿದೆರಡು ಸರಿಯುತ್ತರ ಕೊಡುತ್ತವೆ ಎಂಬುದು ನಂಬಿಕೆ. ಆದರೆ ಮೂರರ ಕೇಬಲ್‌ಗಳೂ ಒಂದೇ ಜಂಕ್ಷನ್ ಬಾಕ್ಸಿನ ಮೂಲಕ ಬಂದಿದ್ದರೆ ಆ ನಂಬಿಕೆ ನಿಲ್ಲುವುದಿಲ್ಲ. ಆರಿದ್ರಾ ಮಳೆ ಹಿಡಿದಾಗ ಬಾಕ್ಸಿನೊಳಗೆ ತೇವ ಸೇರಿ, ಅಳತೆಯನ್ನು ಕರೆಂಟಿನ ರೂಪದಲ್ಲಿ ಕಳಿಸುವ 4-20 ಮಿಲಿಆಂಪಿಯರ್ ಲೂಪಿನ ಎರಡು ಟರ್ಮಿನಲ್‌ಗಳ ನಡುವೆ ಸೋರಿಕೆಯ ದಾರಿಯಾಗುತ್ತದೆ. ಆ ಸೋರಿಕೆ ಮಾಪಕದ ಕರೆಂಟಿಗೆ ಕೂಡಿಕೊಂಡು ಮಟ್ಟ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಒದ್ದೆಯಾದ ಎರಡು ಮಾಪಕಗಳು ಒಂದೇ ಸುಳ್ಳು ಹೇಳಿದಾಗ ಸತ್ಯ ಹೇಳುವ ಮೂರನೆಯದು ಸೋಲುತ್ತದೆ.

ಪ್ರಕ್ರಿಯಾ ಉದ್ಯಮಗಳ ಬಳಕೆದಾರರ ಸಂಘವಾದ ನಾಮೂರ್‌ನ ಎನ್‌ಇ 43 ಶಿಫಾರಸಿನಂತೆ 3.6 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ, 21 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚಿನ ಸಂಕೇತವನ್ನು ದೋಷವೆಂದು ಎಣಿಸಬೇಕು, 3.8ರಿಂದ 20.5ರವರೆಗಿನದನ್ನು ಅಳತೆಯೆಂದು ಒಪ್ಪಬೇಕು. ತೇವದ ಸೋರಿಕೆ ಈ ಜಾಲರಿಯೊಳಗೆ ಸಿಕ್ಕದ ನಡುವಿನ ಸಂಖ್ಯೆಯನ್ನೇ ಕೊಡುವುದರಿಂದ, ಮೂರು ಮಾಪಕಗಳ ಪರಸ್ಪರ ವ್ಯತ್ಯಾಸಕ್ಕೂ ಒಂದು ಅಲಾರಂ ಇರಬೇಕು. ಅಷ್ಟೇ ಅಲ್ಲದೆ, ಸಂಶಯ ಬಂದಾಗ ಅಳತೆಗೋಲು ಹಿಡಿದು ತೊಟ್ಟಿಯ ಬಳಿಗೇ ಹೋಗಿ ನೋಡಿ.

ಹಂತ 5: ಬದಲಿಸುವ ಮುಂಚೆ, ಯಾಕೆ ಸತ್ತಿತೆಂದು ಕೇಳಿಕೊಳ್ಳಿ

ಕೆಟ್ಟ ಕಾರ್ಡು ಸಿಕ್ಕಿತು, ಬದಲಿಯೂ ಇದೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಒಂದನ್ನು ತಿಂದ ಕಾರಣವೇ ಇನ್ನೊಂದನ್ನೂ ತಿನ್ನುತ್ತಿದ್ದರೆ ಹೊಸ ಕಾರ್ಡು ಮೂರನೆಯ ತುತ್ತಾಗುತ್ತದೆ.

ಮಲೆನಾಡಿನಲ್ಲಿ ಮೊದಲು ಸಂಶಯಿಸಬೇಕಾದದ್ದು ತೇವ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್‌ಗೂ ಹೆಚ್ಚು. ಅಂಥ ಹವೆಯಲ್ಲಿ ಪ್ಯಾನೆಲ್ ಹೀಟರ್ ಕೆಲಸ ಮಾಡದಿದ್ದರೆ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟುತ್ತವೆ, ಬೋರ್ಡಿನ ಮೇಲೆ ಬೂಷ್ಟು ಕಾಣುತ್ತದೆ. ಕೆಟ್ಟ ಕಾರ್ಡನ್ನು ಟಾರ್ಚಿನ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಕೇಬಲ್ ಗ್ಲ್ಯಾಂಡ್ ಬಿಗಿಯಿಲ್ಲದ ಪ್ಯಾನೆಲ್‌ಗಳಲ್ಲಿ ಹಲ್ಲಿ, ಇರುವೆ ಸೇರುತ್ತವೆ. ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕ ಹಲ್ಲಿಯನ್ನು ತೆಗೆದುಹಾಕಿ ಕೆಲಸ ಮುಗಿಯಿತೆನ್ನಬೇಡಿ, ಅದು ಬಂದ ರಂಧ್ರವನ್ನು ಮುಚ್ಚಿ. ಸಿಡಿಲಿನ ನಂತರದ ದೋಷವಾದರೆ ಸರ್ಜ್ ಅರೆಸ್ಟರಿನ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ತಡೆಯುವ ಸಾಧನದ) ಸೂಚಕ ಕಿಟಕಿ ಕೆಂಪಾಗಿದೆಯೇ ನೋಡಿ. ಎರಡೂ ರ‍್ಯಾಕ್‌ಗಳಿಗೆ ಕಾವಲಿದ್ದ ಅರೆಸ್ಟರ್ ಅದೇ ಆಗಿದ್ದರೆ, ಉಳಿದ ರ‍್ಯಾಕು ಈಗ ಬಯಲಿನಲ್ಲಿ ನಿಂತಿದೆ. ಅರೆಸ್ಟರನ್ನು ಬದಲಿಸುವುದು ಕಾರ್ಡಿಗಿಂತ ಮೊದಲ ಕೆಲಸ.

ಇನ್ನೊಂದು ಕಾರಣ ಕಣ್ಣಿಗೆ ಕಾಣದು: ಪ್ರೋಗ್ರಾಂ. ಎರಡೂ ಸಿಪಿಯುಗಳಲ್ಲಿ ಓಡುವುದು ಒಂದೇ ಪ್ರೋಗ್ರಾಂ, ನೋಡುವುದು ಒಂದೇ ದತ್ತಾಂಶ. ಪಟ್ಟಿಯ ಮಿತಿ ಮೀರಿದ ಸೂಚ್ಯಂಕದಂಥ ತಪ್ಪು ಒಂದು ಸಿಪಿಯುವನ್ನು ನಿಲ್ಲಿಸಿದರೆ, ಅಧಿಕಾರ ವಹಿಸಿಕೊಂಡ ಎರಡನೆಯದೂ ಅದೇ ಸಾಲಿಗೆ ಬಂದು ನಿಲ್ಲುತ್ತದೆ. ಹಂತ 1ರಲ್ಲಿ ಉಳಿಸಿದ ಬಫರಿನಲ್ಲಿ ಹಾರ್ಡ್‌ವೇರ್ ದೋಷದ ಬದಲು ಪ್ರೋಗ್ರಾಮಿಂಗ್ ದೋಷ ಎಂಬ ಸಾಲಿದ್ದರೆ ಕಾರ್ಡನ್ನು ಪೆಟ್ಟಿಗೆಯಲ್ಲೇ ಇಡಿ. ಜೋಡಿ ಎಂಬುದು ಬಿಡಿಭಾಗ ಕೆಡುವುದರಿಂದ ಕಾಪಾಡುತ್ತದೆ, ನಾವು ಬರೆದ ತಪ್ಪಿನಿಂದ ಕಾಪಾಡುವುದಿಲ್ಲ.

ಹಂತ 6: ಕಾರ್ಡು ಬದಲಾಯಿಸುವ ಕ್ರಮ

ಬದಲಿ ಕಾರ್ಡು ಹವಾನಿಯಂತ್ರಿತ ಕೋಣೆಯಲ್ಲಿದ್ದರೆ ಅದನ್ನು ತಂದು, ಚೀಲ ತೆರೆಯದೆ, ಪಂಪ್‌ಹೌಸ್‌ನಲ್ಲಿ ಎರಡು ಗಂಟೆಯಾದರೂ ಇಡಿ. ತಣ್ಣಗಿನ ಕಾರ್ಡನ್ನು ಮಳೆಗಾಲದ ತೇವದ ಗಾಳಿಗೆ ಒಮ್ಮೆಗೇ ಒಡ್ಡಿದರೆ ಅದರ ಮೇಲೆ ನೀರು ಕಟ್ಟುತ್ತದೆ, ಆಮೇಲೆ ವಿದ್ಯುತ್ ಕೊಟ್ಟರೆ ಹೊಸ ಕಾರ್ಡೂ ಹೋಗುತ್ತದೆ. ಶಿವರಾತ್ರಿ ಕಳೆದ ಮೇಲಿನ ಒಣ ದಿನಗಳಲ್ಲಿ ಅಪಾಯ ಬೇರೆ: ಆಗ ಸ್ಥಾಯೀ ವಿದ್ಯುತ್ ಹೆಚ್ಚು, ಮಣಿಕಟ್ಟಿನ ಪಟ್ಟಿ ಇಲ್ಲದೆ ಕಾರ್ಡು ಹಿಡಿಯಬೇಡಿ.

1. ಹಸಿರು ಟೇಪಿನ ರ‍್ಯಾಕ್ ಇದೇ ಎಂದು ಜೊತೆಗಾರರು ಗಟ್ಟಿಯಾಗಿ ಓದಲಿ, ನೀವು ಬೆರಳಿಟ್ಟು ತೋರಿಸಿ.

2. ಆ ಸಿಪಿಯುವಿನ ಸ್ವಿಚ್ಚನ್ನು ಸ್ಟಾಪ್‌ಗೆ ತಿರುಗಿಸಿ, ನಂತರ ಆ ರ‍್ಯಾಕಿನ ವಿದ್ಯುತ್ ಮಾತ್ರ ಕಡಿಯಿರಿ. ಕಡಿದ ಮೇಲೆ ಕೆಂಪು ಟೇಪಿನ ಕಡೆ ಒಂದು ನಿಮಿಷ ನೋಡುತ್ತ ನಿಲ್ಲಿ. ಪ್ರಕ್ರಿಯೆಯಲ್ಲಿ ಏನಾದರೂ ಅಲುಗಿದರೆ ವಿದ್ಯುತ್ತನ್ನು ಮರಳಿಸಿ ಹಂತ 2ಕ್ಕೆ ಹಿಂತಿರುಗಿ.

3. ಪ್ರತಿ ಕೇಬಲಿಗೂ ಚೀಟಿ ಕಟ್ಟಿ ಕಳಚಿ. ಫೈಬರ್ ತುದಿಗೂ ಸಾಕೆಟ್ಟಿಗೂ ಕೂಡಲೇ ಮುಚ್ಚಳ ಹಾಕಿ. ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ.

4. ಹಳೆಯ ಕಾರ್ಡು ಮತ್ತು ಹೊಸತನ್ನು ಪಕ್ಕಪಕ್ಕ ಇಟ್ಟು ಮಾದರಿ ಸಂಖ್ಯೆ, ಫರ್ಮ್‌ವೇರ್, ರ‍್ಯಾಕ್ ಸಂಖ್ಯೆಯ ಸ್ವಿಚ್, ಮೆಮೊರಿ ಕಾರ್ಡಿನ ಗಾತ್ರ ತಾಳೆ ನೋಡಿ. ರ‍್ಯಾಕ್ ಸಂಖ್ಯೆಯ ಸ್ವಿಚ್ಚನ್ನು ಮರೆಯುವವರು ಬಹಳ. ಎರಡೂ ಕಡೆ ಒಂದೇ ಸಂಖ್ಯೆಯಿದ್ದರೆ ಜೋಡಿ ಕೂಡುವುದೇ ಇಲ್ಲ.

5. ಕೂರಿಸಿ, ಸ್ಕ್ರೂ ಬಿಗಿಮಾಡಿ, ಸ್ಟಾಪ್ ಸ್ಥಿತಿಯಲ್ಲಿಯೇ ವಿದ್ಯುತ್ ಕೊಡಿ. ಹಳೆಯ ಪ್ರೋಗ್ರಾಂ ಉಳಿದಿರುವ ಕಾರ್ಡು ಸ್ವತಂತ್ರವಾಗಿ ಓಡತೊಡಗಬಾರದು.

6. ಲ್ಯಾಪ್‌ಟಾಪಿನಲ್ಲಿ ಹೊಸ ಕಾರ್ಡು ಸ್ಟ್ಯಾಂಡ್‌ಬೈ ಎಂದು ಕಾಣುತ್ತಿದೆಯೇ, ಪ್ರೋಗ್ರಾಂ ನಕಲಾಗುವ ದಿಕ್ಕು ಓಡುತ್ತಿರುವುದರಿಂದ ಹೊಸತಿಗೆ ಎಂದಿದೆಯೇ ಎಂದು ಓದಿ. ಈ ಪೆಟ್ಟಿಗೆಯಲ್ಲಿ ಕಣ್ಣುಮುಚ್ಚಿ "ಸರಿ" ಒತ್ತಿದವರು ಹಳೆಯ ಪ್ರೋಗ್ರಾಂ ಅನ್ನು ಓಡುವ ಯಂತ್ರದ ಮೇಲೆ ಸುರಿದಿರುವುದುಂಟು.

7. ಪಂಪು ಶುರುವಾಗುವ, ನಿಲ್ಲುವ ಸಮಯ ತಪ್ಪಿಸಿ ಕೂಡಿಕೆಗೆ ಆದೇಶ ಕೊಡಿ. ನವೀಕರಣದ ವೇಳೆ ಸ್ಕ್ಯಾನ್ ಸಮಯ (ಪ್ರೋಗ್ರಾಂ ಒಂದು ಸುತ್ತು ಮುಗಿಸುವ ಅವಧಿ) ಹಿಗ್ಗುವುದು ಸಹಜ, ಆದರೆ ಅದು ವಾಚ್‌ಡಾಗ್ ಮಿತಿಯ (ಸ್ಕ್ಯಾನ್‌ಗೆ ಇಟ್ಟ ಗರಿಷ್ಠ ಅವಧಿಯ) ಸಮೀಪ ಹೋಗಬಾರದು.

ಕೈ ಹಿಂದೆಗೆಯಬೇಕಾದ ಲಕ್ಷಣಗಳು

ಕೂಡಿಕೆ ಮುಗಿಯುವ ಮುನ್ನವೇ ಮತ್ತೆ ಮತ್ತೆ ಬಿಟ್ಟುಹೋಗುತ್ತಿದ್ದರೆ ಎರಡು ಬಾರಿಗಿಂತ ಹೆಚ್ಚು ಯತ್ನಿಸಬೇಡಿ; ಪ್ರತಿ ಯತ್ನವೂ ಓಡುವ ಸಿಪಿಯುವಿನ ಮೇಲೆ ಹೊರೆ. ಓಡುವ ಕಡೆಯಲ್ಲೂ ಹೊಸದೊಂದು ದೋಷದೀಪ ಹತ್ತಿದರೆ, ಸುಟ್ಟ ವಾಸನೆ ಬಂದರೆ, ಕೆಂಪು ಟೇಪಿನ ಎಸ್‌ಎಂಪಿಎಸ್ ಮುಟ್ಟಲಾಗದಷ್ಟು ಬಿಸಿಯಿದ್ದರೆ, ಹೊಸ ಕಾರ್ಡಿನ ವಿದ್ಯುತ್ ಕಡಿದು, ಒಂಟಿಯಾಗಿಯೇ ನಡೆಯಲು ಬಿಟ್ಟು, ಯೋಜಿತ ನಿಲುಗಡೆಗೆ ಅನುಮತಿ ಕೇಳಿ. ಮೇಲಧಿಕಾರಿಗಳಿಗೆ ಇದನ್ನು ಹೇಳುವುದು ಕಷ್ಟವಾಗಬಹುದು, ಆದರೂ ಹೇಳಬೇಕು. ನಾವು ಆರಿಸಿದ ಹೊತ್ತಿನಲ್ಲಿ ನಿಲ್ಲಿಸಿದ ಪಂಪು ಕೊಳವೆ ಒಡೆಯುವುದಿಲ್ಲ.

ಹಂತ 7: ಅಧಿಕಾರ ಬದಲಾವಣೆಯ ಪರೀಕ್ಷೆ

ಹಸಿರು ದೀಪ ಬಂದೊಡನೆ ಸಾಮಾನು ಕಟ್ಟಿಕೊಂಡು ಹೊರಡುವವರೇ ಹೆಚ್ಚು. ಹೊಸ ಕಾರ್ಡು ಸಿದ್ಧವಿದೆ ಎಂದು ದೀಪ ಹೇಳುತ್ತದೆ. ಅದು ನಿಜವಾಗಿ ಯಂತ್ರವನ್ನು ನಡೆಸಬಲ್ಲದೇ ಎಂಬುದು ನಡೆಸಿದಾಗಲೇ ತಿಳಿಯುತ್ತದೆ. ನಾನು ಒಂದು ಹಗಲು ಒಂದು ರಾತ್ರಿ ಜೋಡಿಯನ್ನು ಹಾಗೆಯೇ ಬಿಟ್ಟು, ಮಾರನೆಯ ಬೆಳಗ್ಗೆ ಪರೀಕ್ಷೆ ಮಾಡುತ್ತೇನೆ.

ಪರೀಕ್ಷೆಯನ್ನು ತಂತ್ರಾಂಶದ ಸ್ವಿಚ್‌ಓವರ್ ಆದೇಶದಿಂದ ಮಾಡಿ. ವಿದ್ಯುತ್ ಕಡಿದು ನೋಡುವ ಪರೀಕ್ಷೆಯೂ ಬೇಕು, ಆದರೆ ಅದನ್ನು ವಾರ್ಷಿಕ ನಿಲುಗಡೆಯಲ್ಲಿ ಇಟ್ಟುಕೊಳ್ಳಿ. ಆದೇಶ ಕೊಡುವ ಮುಂಚೆ ಅನಲಾಗ್ ಔಟ್‌ಪುಟ್‌ಗಳು, ಪಿಐಡಿ ಸೆಟ್‌ಪಾಯಿಂಟ್‌ಗಳು (ನಿಯಂತ್ರಣಕ್ಕೆ ಕೊಟ್ಟ ಗುರಿಬೆಲೆಗಳು), ಹರಿವಿನ ಒಟ್ಟು ಮೊತ್ತ, ಟೈಮರ್‌ಗಳ ಬೆಲೆ ಬರೆದುಕೊಳ್ಳಿ. ಬದಲಾವಣೆಯ ನಂತರ ಒಂದೊಂದನ್ನೂ ತಾಳೆ ನೋಡಿ. ವಾಲ್ವಿನ ಕಾಂಡದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅದು ಜರುಗಿತೇ ಎಂದು ನೋಡಲು ಒಬ್ಬರು ಸ್ಥಳದಲ್ಲಿರಲಿ. ಪರದೆಯಲ್ಲಿ ಕಾಣದ ಸಣ್ಣ ಕುಲುಕು ಆ ಗೆರೆಯಲ್ಲಿ ಕಾಣುತ್ತದೆ. ಪಂಪಿಗೆ ಹೋಗುವ ಸ್ಟಾರ್ಟ್ ಆದೇಶ ಒಂದು ಕ್ಷಣದ ಪಲ್ಸ್ ಆಗಿದ್ದರೆ, ಬದಲಾವಣೆಯ ಹೊತ್ತಿನಲ್ಲಿ ಅದು ಕಳೆದುಹೋಗಬಹುದು ಅಥವಾ ಎರಡು ಬಾರಿ ಹೋಗಬಹುದು. ಇಂಥ ಆದೇಶಗಳನ್ನು ಪಟ್ಟಿಮಾಡಿ ಪ್ರೋಗ್ರಾಂ ಬರೆದವರಿಗೆ ತಿಳಿಸಿ. ಹೊಸ ಕಡೆ ಒಂದು ವಾರ ಮಾಸ್ಟರ್ ಆಗಿಯೇ ನಡೆಯಲಿ, ಹಿಂದಕ್ಕೆ ಬದಲಿಸುವ ಅವಸರ ಬೇಡ.

ಹಂತ 8: ಮುಂದಿನ ಮೊದಲ ದೋಷ ಕೂಗಿ ಹೇಳುವಂತೆ ಮಾಡಿ

ಪ್ರತಿ ಎಸ್‌ಎಂಪಿಎಸ್‌ನ ಡಿಸಿ-ಓಕೆ (ಡಿಸಿ ಸರಿಯಿದೆಯೆಂದು ತಿಳಿಸುವ) ಸಂಪರ್ಕ, ಸಿಂಕ್ ಕೊಂಡಿಯ ಸ್ಥಿತಿ, ಉಂಗುರದ ಸ್ಥಿತಿ, ಮಾಪಕಗಳ ವ್ಯತ್ಯಾಸ, ಪ್ಯಾನೆಲ್ ಹೀಟರಿನ ಕರೆಂಟು, ಅರೆಸ್ಟರಿನ ಸೂಚಕ, ಇವನ್ನೆಲ್ಲ ಸೇರಿಸಿ "ಜೋಡಿ ತಪ್ಪಿದೆ" ಎಂಬ ಒಂದೇ ಅಲಾರಂ ಮಾಡಿಸಿ. ಸರಿಯಿದ್ದಾಗ ಮುಚ್ಚಿರುವ, ಕೆಟ್ಟಾಗ ತೆರೆಯುವ ಸಂಪರ್ಕವನ್ನೇ ಬಳಸಿ, ಆಗ ತಂತಿ ಕಡಿದರೂ ಅಲಾರಂ ಬರುತ್ತದೆ. ಒಮ್ಮೆ ಒಪ್ಪಿಕೊಂಡರೆ ಅಡಗಿಹೋಗುವ ಅಲಾರಂ ಇಲ್ಲಿ ಪ್ರಯೋಜನಕ್ಕಿಲ್ಲ. ದೋಷ ಇರುವವರೆಗೂ ಪ್ರತಿ ಪಾಳಿಯ ಆರಂಭದಲ್ಲಿ ಅದು ಮತ್ತೆ ಮೊಳಗಬೇಕು. ಇದು ಪ್ರೋಗ್ರಾಂನಲ್ಲಿ ಅರ್ಧ ದಿನದ ಕೆಲಸ. ನಾನು ಕಂಡ ನಿಲುಗಡೆಗಳಲ್ಲಿ ಬಹಳಷ್ಟನ್ನು ಇದೊಂದೇ ತಪ್ಪಿಸುತ್ತಿತ್ತು.

ಬಾಗಿಲಿನ ಮೇಲಿನ ಅಕ್ಷರಗಳನ್ನು ಅಳಿಸಿ, ಗುರುತನ್ನು ರ‍್ಯಾಕಿನ ಚೌಕಟ್ಟಿಗೇ ಅಂಟಿಸಿ. ವರ್ಷಕ್ಕೊಮ್ಮೆ, ಅಶ್ವಿನಿ ಮಳೆಗೆ ಮುಂಚೆ, ಎರಡೂ ಎಸ್‌ಎಂಪಿಎಸ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಉಳಿದದ್ದು ಪೂರ್ತಿ ಹೊರೆ ಹೊರುತ್ತದೆಯೇ ನೋಡಿ, ಅರ್ಥಿಂಗ್ ಅಳೆಯಿರಿ, ಹೀಟರ್ ಮುಟ್ಟಿ ನೋಡಿ, ಜಂಕ್ಷನ್ ಬಾಕ್ಸುಗಳ ರಬ್ಬರ್ ಬದಲಿಸಿ. ಬ್ಯಾಟರಿ ಇರುವ ಸಿಪಿಯು ಆದರೆ ಬ್ಯಾಟರಿಯನ್ನು ವಿದ್ಯುತ್ ಇರುವಾಗಲೇ ಬದಲಿಸಿ, ಇಲ್ಲವಾದರೆ ಸ್ಮೃತಿ ಅಳಿಸಿಹೋಗುತ್ತದೆ.

ಬದಲಿ ಕಾರ್ಡನ್ನು ಕಪಾಟಿನಲ್ಲಿ ವರ್ಷಾನುಗಟ್ಟಲೆ ಮಲಗಿಸಬೇಡಿ. ಆ್ಯಂಟಿಸ್ಟಾಟಿಕ್ ಚೀಲದೊಳಗೆ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಹೊಸತನ್ನು ಹಾಕಿ, ವಾರ್ಷಿಕ ನಿಲುಗಡೆಯಲ್ಲಿ ಆ ಕಾರ್ಡನ್ನು ರ‍್ಯಾಕಿಗೆ ಕೂರಿಸಿ ಓಡಿಸಿ, ಅಲ್ಲಿದ್ದದ್ದನ್ನು ತೆಗೆದು ಕಪಾಟಿಗೆ ತನ್ನಿ. ಚೀಲದ ಮೇಲೆ ಕೊನೆಯ ಬಾರಿ ಓಡಿದ ದಿನಾಂಕ, ಫರ್ಮ್‌ವೇರ್ ಆವೃತ್ತಿ, ರ‍್ಯಾಕ್ ಸಂಖ್ಯೆಯ ಸ್ವಿಚ್ ಎಲ್ಲಿದೆ ಎಂಬ ಮೂರು ಸಾಲನ್ನು ನೀರಿಗೆ ಅಳಿಸದ ಶಾಯಿಯಲ್ಲಿ ಬರೆದು, ಕಪಾಟಿನ ಬೀಗದ ಕೈ ರಾತ್ರಿ ಪಾಳಿಯವರಿಗೂ ಸಿಗುವಂತೆ ಇಡಿ.